ಸರ್ ಜೇಮ್ಸ್ ಹಾಲ್: ಭೂಗರ್ಭವನ್ನು ಕುಲುಮೆಯಲ್ಲಿ ಪರೀಕ್ಷಿಸಿದವರು

ಸುಣ್ಣಶಿಲೆಯು ಶಾಖ ಮತ್ತು ಒತ್ತಡದಿಂದ ಅಮೃತಶಿಲೆಯಾಗುತ್ತದೆ ಎಂಬ ವಾಕ್ಯವನ್ನು ನಮ್ಮ ಪ್ರಶಿಕ್ಷಣಾರ್ಥಿಗಳು ಶಿಲೆಗಳ ಪಾಠದಲ್ಲಿ ಒಂದೇ ಉಸಿರಿಗೆ ಹೇಳಿ ಮುಂದೆ ಹೋಗುತ್ತಾರೆ. ಆ ವಾಕ್ಯದಲ್ಲಿರುವ ಒತ್ತಡ ಎಂಬ ಪದಕ್ಕೆ ಪುರಾವೆ ಒದಗಿಸಲು ಒಬ್ಬರು ಏಳು ವರ್ಷ ದುಡಿದರು.

ಜೇಮ್ಸ್ ಹಾಲ್ 1761ರಲ್ಲಿ ಸ್ಕಾಟ್ಲೆಂಡಿನ ಸಿರಿವಂತ ಮನೆತನದಲ್ಲಿ ಹುಟ್ಟಿದರು. ಯೌವನದಲ್ಲಿ ಯೂರೋಪ್ ಸುತ್ತಿ ವೆಸೂವಿಯಸ್, ಎಟ್ನಾ ಜ್ವಾಲಾಮುಖಿಗಳ ಲಾವಾ ನೋಡಿಬಂದರು. ಎಡಿನ್‌ಬರೊದಲ್ಲಿ ಭೂವಿಜ್ಞಾನಿ ಜೇಮ್ಸ್ ಹಟನ್ ಅವರ ಒಡನಾಟ ದೊರೆಯಿತು. ಭೂಮಿಯೊಳಗಿನ ಶಾಖವೇ ಶಿಲೆಗಳನ್ನು ಕರಗಿಸಿ, ಗಟ್ಟಿಗೊಳಿಸಿ ರೂಪಿಸುತ್ತದೆ ಎಂಬುದು ಹಟನ್ ಅವರ ವಾದ.

ವಿರೋಧಿಗಳ ಆಕ್ಷೇಪಣೆಗಳಲ್ಲಿ ಎರಡು ಮುಖ್ಯವಾದವು. ಕರಗಿದ ಕಲ್ಲು ಆರಿದರೆ ಗಾಜಾಗುತ್ತದೆ, ಹರಳುಗಳಿರುವ ಬೆಸಾಲ್ಟ್ ಹೇಗೆ ಆದೀತು? ಸುಣ್ಣಶಿಲೆಯನ್ನು ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ, ಅಮೃತಶಿಲೆ ಎಲ್ಲಿಂದ ಬಂದೀತು? ಆಳದ ಒತ್ತಡ ಅನಿಲವನ್ನು ಹಿಡಿದಿಡುತ್ತದೆ ಎಂದು ಹಟನ್ ಉತ್ತರಿಸಿದರು. ಆದರೆ ಪ್ರಕೃತಿಯ ಮಹಾಕಾರ್ಯವನ್ನು ಪುಟ್ಟ ಮೂಸೆಯಲ್ಲಿ ಅಳೆಯುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಾಲ್ ಗೌರವದಿಂದ ಸುಮ್ಮನಾದರು. ಹಟನ್ 1797ರಲ್ಲಿ ತೀರಿಕೊಂಡ ಬಳಿಕವೇ ಕೆಲಸ ಮುಂದುವರಿಯಿತು. ಹಿರಿಯರ ಮೇಲಿನ ಈ ಗೌರವದಿಂದ ವಿಜ್ಞಾನಕ್ಕೆ ಕೆಲವು ವರ್ಷ ನಷ್ಟವಾಯಿತೆಂದೇ ನನಗೆ ತೋರುತ್ತದೆ.

ಮೊದಲ ಪ್ರಶ್ನೆಗೆ ಸುಳಿವು ಸಿಕ್ಕಿದ್ದು ಲೀತ್ ಊರಿನ ಗಾಜಿನ ಕಾರ್ಖಾನೆಯಲ್ಲಿ. ನಿಧಾನವಾಗಿ ಆರಿದ ಗಾಜು ಪಾರದರ್ಶಕತೆ ಕಳೆದುಕೊಂಡು ಕಲ್ಲಿನಂತಾಗಿತ್ತು. ಹಾಲ್ ಬೆಸಾಲ್ಟ್ ಜಾತಿಯ ಕಲ್ಲನ್ನೂ ಲಾವಾವನ್ನೂ ಕರಗಿಸಿ ನೋಡಿದರು. ಬೇಗ ಆರಿದ್ದು ಗಾಜಾಯಿತು. ಮೆಲ್ಲಗೆ ಆರಿದ್ದರಲ್ಲಿ ಹರಳು ಮೂಡಿ ಮತ್ತೆ ಕಲ್ಲಾಯಿತು. (ಪಟಿಕದ ಬಿಸಿ ದ್ರಾವಣವನ್ನು ಬೇಗ ಮತ್ತು ನಿಧಾನವಾಗಿ ಆರಿಸಿ ಹರಳಿನ ಗಾತ್ರ ಹೋಲಿಸುವ ಚಟುವಟಿಕೆಯನ್ನು ಇಲ್ಲಿ ಜೋಡಿಸಬಹುದು.)

ಎರಡನೆಯದು ಕಠಿಣ. ಸೀಮೆಸುಣ್ಣದ ಕಲ್ಲಿನ ಪುಡಿಯನ್ನು ಬಂದೂಕಿನ ನಳಿಗೆಯೊಳಗಿಟ್ಟು, ಸುಲಭವಾಗಿ ಕರಗುವ ಮಿಶ್ರಲೋಹದಿಂದ ಬಂಧಿಸಿ, ಕುಲುಮೆಯಲ್ಲಿ ಕಾಯಿಸಿದರು. ಎಷ್ಟೋ ನಳಿಗೆಗಳು ಸಿಡಿದವು, ಎಷ್ಟರಲ್ಲೋ ಅನಿಲ ಸೋರಿತು. ಮುಚ್ಚಿದ ಪಾತ್ರೆ ಕಾಯಿಸುವ ಈ ಪ್ರಯೋಗವನ್ನು ತರಗತಿಯಲ್ಲಿ ಕಥೆಯಾಗಿ ಹೇಳಬೇಕೇ ಹೊರತು ಮಾಡಿ ತೋರಿಸಬಾರದು. 500ಕ್ಕೂ ಹೆಚ್ಚು ಪ್ರಯೋಗಗಳಾದವು. ಅನಿಲ ಹೊರಹೋಗದೆ ಉಳಿದಾಗ ಪುಡಿ ಸುಣ್ಣವಾಗಲಿಲ್ಲ. ಕಣಗಳು ಬೆಸೆದುಕೊಂಡು, ಹರಳುಗಟ್ಟಿ, ಅಮೃತಶಿಲೆಯಂತಹ ಗಟ್ಟಿಯಾದವು.

1805ರಲ್ಲಿ ಎಡಿನ್‌ಬರೊದ ರಾಯಲ್ ಸೊಸೈಟಿಯ ಮುಂದೆ ಫಲಿತಾಂಶವನ್ನು ಅಂಕಿಗಳ ಸಮೇತ ಇಟ್ಟರು: ಪುಡಿ ಗಟ್ಟಿ ಸುಣ್ಣಶಿಲೆಯಾಗಲು 52 ವಾಯುಭಾರದ ಒತ್ತಡ, ಅಂದರೆ ಸುಮಾರು 1700 ಅಡಿ ಸಮುದ್ರದ ನೀರಿನ ಭಾರ ಸಾಕು, ಅಮೃತಶಿಲೆಯಾಗಲು 86 ಬೇಕು. ಮುಂದೆ ಅದೇ ಸೊಸೈಟಿಗೆ ಅಧ್ಯಕ್ಷರಾದ ಹಾಲ್ 1832ರಲ್ಲಿ ನಿಧನರಾದರು.