ಪ್ಯಾಟ್ರಿಕ್ ರಸೆಲ್

ಪ್ಯಾಟ್ರಿಕ್ ರಸೆಲ್ (1727–1805) ಸ್ಕಾಟ್ಲೆಂಡಿನ ವೈದ್ಯ ಹಾಗೂ ನಿಸರ್ಗ ವಿಜ್ಞಾನಿ. ಭಾರತದ ಹಾವುಗಳನ್ನು ವೈಜ್ಞಾನಿಕವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಒಬ್ಬರಾದ ಇವರನ್ನು ಭಾರತೀಯ ಉರಗಶಾಸ್ತ್ರದ ಪಿತಾಮಹ ಎಂದು ಪರಿಗಣಿಸಲಾಗುತ್ತದೆ. ಕನ್ನಡದಲ್ಲಿ ಕೊಳಕುಮಂಡಲ ಎಂದು ಕರೆಯಲಾಗುವ ಹಾವಿನ ವೈಜ್ಞಾನಿಕ ಹೆಸರು, ಡಬೋಯಾ ರಸೆಲಿ, ಇವರ ಸ್ಮರಣಾರ್ಥವಾದುದು.

ಆರಂಭಿಕ ಜೀವನ

ರಸೆಲ್ ಎಡಿನ್‌ಬರೊದಲ್ಲಿ ಜನಿಸಿ, ಅಲ್ಲಿಯೇ ವೈದ್ಯಶಾಸ್ತ್ರವನ್ನು ಅಭ್ಯಸಿಸಿದರು. 1750ರಲ್ಲಿ ಸಿರಿಯಾದ ಅಲೆಪ್ಪೊ ನಗರದಲ್ಲಿ ವೈದ್ಯರಾಗಿದ್ದ ಮಲಸಹೋದರ ಅಲೆಕ್ಸಾಂಡರ್ ರಸೆಲ್ ಅವರನ್ನು ಸೇರಿಕೊಂಡು, ಮುಂದೆ ಅವರ ಸ್ಥಾನಕ್ಕೆ ಬಂದರು. 1760ರಿಂದ 1762ರವರೆಗೆ ಅಲ್ಲಿ ಹರಡಿದ ಪ್ಲೇಗ್ ರೋಗವನ್ನು ಹತ್ತಿರದಿಂದ ಕಂಡ ಅನುಭವದ ಆಧಾರದ ಮೇಲೆ 1791ರಲ್ಲಿ ಪ್ಲೇಗ್ ಕುರಿತ ಗ್ರಂಥವನ್ನು ಪ್ರಕಟಿಸಿದರು. 1777ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು.

ಭಾರತದಲ್ಲಿ

1781ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿದ್ದ ಸಹೋದರ ಕ್ಲಾಡ್ ರಸೆಲ್ ಅವರೊಂದಿಗೆ ಭಾರತಕ್ಕೆ ಬಂದು ವಿಶಾಖಪಟ್ಟಣದಲ್ಲಿ ನೆಲೆಸಿದರು. ಆಗ ಅವರಿಗೆ ಐವತ್ತು ವರ್ಷ ದಾಟಿತ್ತು. 1785ರಲ್ಲಿ ಯೋಹಾನ್ ಗೆರ್ಹಾರ್ಡ್ ಕೋನಿಗ್ ನಿಧನರಾದ ಬಳಿಕ ಕಂಪನಿಯ ನಿಸರ್ಗ ವಿಜ್ಞಾನಿಯ ಹುದ್ದೆ ರಸೆಲ್ ಅವರಿಗೆ ದೊರೆಯಿತು.

ಹಾವು ಕಚ್ಚಿ ಸಾಯುವವರ ಸಮಸ್ಯೆ ಅವರ ಗಮನ ಸೆಳೆಯಿತು. ವಿಷದ ಹಾವು ಯಾವುದು, ವಿಷವಿಲ್ಲದ ಹಾವು ಯಾವುದು ಎಂಬುದನ್ನು ಜನರು ಸುಲಭವಾಗಿ ಗುರುತಿಸುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಲಿನ್ನೇಯಸ್ ಹಾವುಗಳನ್ನು ಹೊಟ್ಟೆ ಮತ್ತು ಬಾಲದ ಅಡಿಭಾಗದ ಹುರುಪೆಗಳ ಎಣಿಕೆಯಿಂದ ವಿಂಗಡಿಸಿದ್ದರು. ಅಷ್ಟರಿಂದಲೇ ವಿಷದ ಹಾವನ್ನು ತಿಳಿಯುವಂತಿರಲಿಲ್ಲ. ಆದ್ದರಿಂದ ರಸೆಲ್ ನಾಯಿ ಮತ್ತು ಕೋಳಿಗಳಿಗೆ ಹಾವುಗಳಿಂದ ಕಚ್ಚಿಸಿ ಲಕ್ಷಣಗಳನ್ನು ದಾಖಲಿಸಿದರು. ತೆಲುಗಿನಲ್ಲಿ ಕಟುಕ ರೇಕುಲ ಪೊಡ ಎಂಬ ಹೆಸರಿದ್ದ ಹಾವು ನಾಗರಹಾವಿನಷ್ಟೇ ಅಪಾಯಕಾರಿ ಎಂದು ಗುರುತಿಸಿದರು. ಇದೇ ಕೊಳಕುಮಂಡಲ. ಹಾವಿನ ವಿಷಕ್ಕೆ ಮದ್ದೆಂದು ಪ್ರಸಿದ್ಧವಾಗಿದ್ದ ತಂಜಾವೂರು ಗುಳಿಗೆಯನ್ನೂ ಪರೀಕ್ಷಿಸಿ, ಅದರಿಂದ ಪ್ರಯೋಜನವಿಲ್ಲವೆಂದು ಕಂಡುಕೊಂಡರು.

ಕೃತಿಗಳು ಮತ್ತು ಕೊನೆಯ ದಿನಗಳು

1789ರಲ್ಲಿ ರಸೆಲ್ ಇಂಗ್ಲೆಂಡಿಗೆ ಮರಳಿದರು. ಬಿದಿರಿನ ಗೆಣ್ಣುಗಳಲ್ಲಿ ದೊರೆಯುವ ವಂಶಲೋಚನದ ಬಗೆಗಿನ ಅವರ ಪ್ರಬಂಧ 1790ರಲ್ಲಿ ಪ್ರಕಟವಾಯಿತು. ಕೋರಮಂಡಲ ತೀರದ ಹಾವುಗಳನ್ನು ಬಣ್ಣದ ಚಿತ್ರಗಳೊಂದಿಗೆ ವಿವರಿಸುವ ಗ್ರಂಥದ ಮೊದಲ ಸಂಪುಟ 1796ರಲ್ಲಿ ಹೊರಬಂದಿತು. ಎರಡನೆಯ ಸಂಪುಟದ ಕೊನೆಯ ಭಾಗಗಳು ಅವರ ಮರಣಾನಂತರ ಪ್ರಕಟವಾದವು. ನಾಗರಹಾವು ಹೆಡೆ ಬಿಚ್ಚುವ ಬಗೆಯನ್ನು ಕುರಿತು 1804ರಲ್ಲಿ ಪ್ರಬಂಧ ಬರೆದರು. ಅವಿವಾಹಿತರಾಗಿದ್ದ ಅವರು 1805ರ ಜುಲೈ 2ರಂದು ಲಂಡನ್ನಿನಲ್ಲಿ ನಿಧನರಾದರು.

ನಂತರದ ಸಂಶೋಧನೆಗಳು

ರಸೆಲ್ ಅವರ ಕಾಲದಲ್ಲಿ ಪ್ರತಿವಿಷ ಇರಲಿಲ್ಲ. ಅದು ಬಳಕೆಗೆ ಬಂದುದು 1890ರ ದಶಕದಲ್ಲಿ. ಇಂದು ಭಾರತದಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷವನ್ನು ಕುದುರೆಗಳಿಗೆ ಅಲ್ಪ ಪ್ರಮಾಣದಲ್ಲಿ ಚುಚ್ಚಿ, ಅವುಗಳ ರಕ್ತದಿಂದ ಪ್ರತಿವಿಷ ತಯಾರಿಸಲಾಗುತ್ತದೆ.

ಮುಂಗುಸಿ ಬೇರು ತಿಂದು ವಿಷ ಇಳಿಸಿಕೊಳ್ಳುತ್ತದೆ ಎಂಬ ನಂಬಿಕೆ ಪ್ರಚಲಿತವಾಗಿದೆ. ವಾಸ್ತವದಲ್ಲಿ ಅದರ ರಕ್ಷಣೆ ದೇಹರಚನೆಯಲ್ಲಿಯೇ ಇದೆ. ನಾಗರಹಾವಿನ ವಿಷ ಸ್ನಾಯುಗಳಲ್ಲಿನ ಅಸಿಟೈಲ್‌ಕೋಲಿನ್ ಗ್ರಾಹಕಗಳಿಗೆ ಅಂಟಿಕೊಂಡು ಉಸಿರಾಟವನ್ನು ನಿಲ್ಲಿಸುತ್ತದೆ. ಮುಂಗುಸಿಯಲ್ಲಿ ಈ ಗ್ರಾಹಕಗಳ ರಚನೆ ಭಿನ್ನವಾಗಿರುವುದರಿಂದ ವಿಷ ಸುಲಭವಾಗಿ ಅಂಟುವುದಿಲ್ಲ. ಆದರೂ ಇದು ಪೂರ್ಣ ರಕ್ಷಣೆಯಲ್ಲ. ಕಡಿತ ತಪ್ಪಿಸಿಕೊಳ್ಳಲು ಮುಂಗುಸಿ ತನ್ನ ಚುರುಕುತನವನ್ನೇ ಹೆಚ್ಚಾಗಿ ಅವಲಂಬಿಸುತ್ತದೆ. ಕೊಳಕುಮಂಡಲದ ವಿಷ ಮುಖ್ಯವಾಗಿ ರಕ್ತ ಹೆಪ್ಪುಗಟ್ಟುವ ಕ್ರಿಯೆಯನ್ನು ಕೆಡಿಸುವುದರಿಂದ ಗ್ರಾಹಕಗಳ ಈ ಮಾರ್ಪಾಡು ಅದರ ವಿರುದ್ಧ ನೆರವಾಗುವುದಿಲ್ಲ. ಇದೇ ಗುಣದಿಂದಾಗಿ ಆ ವಿಷವನ್ನು ರಕ್ತ ಹೆಪ್ಪುಗಟ್ಟುವಿಕೆಯ ಪ್ರಯೋಗಾಲಯ ಪರೀಕ್ಷೆಗಳಲ್ಲಿ ಬಳಸಲಾಗುತ್ತಿದೆ.

ಧಾರವಾಡ ಜಿಲ್ಲೆಯ ಕಲಘಟಗಿ, ದೇವಿಕೊಪ್ಪದ ಸುತ್ತಲಿನಂತಹ ಕೃಷಿ ಪ್ರದೇಶಗಳಲ್ಲಿ ಇಲಿಗಳನ್ನು ಅರಸಿ ಹೊಲಗದ್ದೆಗೆ ಬರುವ ಕೊಳಕುಮಂಡಲವು ರೈತರಿಗೆ ಇಂದಿಗೂ ಅಪಾಯಕಾರಿ. ಹಾವನ್ನು ಸರಿಯಾಗಿ ಗುರುತಿಸುವ ಮತ್ತು ಮದ್ದನ್ನು ಪರೀಕ್ಷಿಸಿಯೇ ನಂಬುವ ರಸೆಲ್ ಅವರ ಕ್ರಮ ಹಾವು ಕಡಿತದ ಚಿಕಿತ್ಸೆಯಲ್ಲಿ ಈಗಲೂ ಮುಖ್ಯವಾಗಿದೆ.