ಜೋನ್ ತೊಟ್ಟ ಗಂಡುಡುಪು

ಕವಚ ತೊಟ್ಟು ಧ್ವಜ ಹಿಡಿದು ನಿಂತಿರುವ ಸಂತ ಜೋನ್ ಆಫ್ ಆರ್ಕ್ ಚಿತ್ರವನ್ನು ನೀವು ಕಂಡಿರಬಹುದು. ಆಕೆಯನ್ನು ಸುಡಲು ಕೊಟ್ಟ ಕಾರಣಗಳಲ್ಲಿ ಗಂಡುಡುಪು ತೊಟ್ಟದ್ದೂ ಒಂದು ಎಂಬುದು ನಿಮಗೆ ಗೊತ್ತೇ?

ಜೋನ್ ಫ್ರಾನ್ಸಿನ ದೊಂರೆಮಿ ಹಳ್ಳಿಯ ರೈತನ ಮಗಳು. ಓದುಬರಹ ಬಾರದು. ಜಪ, ನೂಲುವುದು, ಹೊಲಿಯುವುದು, ಎಲ್ಲವೂ ತಾಯಿ ಇಸಬೆಲ್ ಕಲಿಸಿದ್ದು. ಸುಮಾರು 13ರ ಪ್ರಾಯದಲ್ಲಿ ಆಕೆಗೆ ಸಂತರ ವಾಣಿ ಕೇಳಿಸತೊಡಗಿತು. ಆಗ ಫ್ರಾನ್ಸಿನ ಉತ್ತರ ಭಾಗ ಬಹುಮಟ್ಟಿಗೆ ಇಂಗ್ಲಿಷರ ಮತ್ತು ಅವರ ಮಿತ್ರರ ವಶದಲ್ಲಿತ್ತು. ರಾಜಕುಮಾರ ಚಾರ್ಲ್ಸನಿಗೆ ಪಟ್ಟಾಭಿಷೇಕವೂ ಆಗಿರಲಿಲ್ಲ.

1429ರ ಫೆಬ್ರವರಿಯಲ್ಲಿ ಆಕೆ ಚಾರ್ಲ್ಸನನ್ನು ಕಾಣಲು ಹೊರಟಳು. ಶತ್ರುಗಳ ನೆಲದಲ್ಲಿ 11 ದಿನಗಳ ದಾರಿ, ಜೊತೆಗಿದ್ದವರು ಆರು ಗಂಡಸರು. ಹೆಣ್ಣೆಂದು ಗುರುತು ಸಿಗದಂತೆ ಗಂಡುಡುಪು ತೊಟ್ಟಳು. ರಾತ್ರಿ ಅದನ್ನು ಬಿಚ್ಚದೆಯೇ ಮಲಗುತ್ತಿದ್ದಳು. ಮುಂದೆ ಪ್ವಾತಿಯೇ ನಗರದಲ್ಲಿ ದೈವಶಾಸ್ತ್ರ ಪಂಡಿತರು ಆಕೆಯನ್ನು ವಾರಗಟ್ಟಲೆ ಪ್ರಶ್ನಿಸಿದರು, ತಪ್ಪೇನೂ ಕಾಣಲಿಲ್ಲ. ಮೇ 8ರಂದು ಆರ್ಲಿಯನ್ಸ್ ಮುತ್ತಿಗೆ ತೆರವಾಯಿತು, ಜುಲೈ 17ರಂದು ರೀಮ್ಸ್‌ನಲ್ಲಿ ಚಾರ್ಲ್ಸನಿಗೆ ಪಟ್ಟವಾಯಿತು.

ಮರುವರ್ಷ ಆಕೆ ಸೆರೆಸಿಕ್ಕಳು. ಇಂಗ್ಲಿಷರು ಹಣ ಕೊಟ್ಟು ಕೊಂಡರು. ರುವಾನ್‌ನಲ್ಲಿ ವಿಚಾರಣೆ ನಡೆಸಿದವರು ಧರ್ಮಾಧ್ಯಕ್ಷ ಪಿಯೆರ್ ಕೊಶೋನ್. ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಲೇಬೇಕು. ಧರ್ಮಸಭೆಯ ಸೆರೆಮನೆಯಲ್ಲಿಡಿ ಎಂದು ಜೋನ್ ಕೇಳಿಕೊಂಡರೂ ಇಟ್ಟದ್ದು ಇಂಗ್ಲಿಷ್ ಸೈನಿಕರ ಕಾವಲಿನಲ್ಲಿ. ಕಾಲಿಗೆ ಸರಪಳಿ, ಕೋಣೆಯೊಳಗೇ ಗಂಡಸರ ಕಾವಲು. ಹೆಣ್ಣುಮಕ್ಕಳ ತಾಯಂದಿರೇ, ಆ ರಾತ್ರಿಗಳು ಹೇಗಿದ್ದಿರಬಹುದೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಮೇಲಂಗಿಗೆ ಲಾಡಿಗಳಿಂದ ಬಿಗಿದು ಕಟ್ಟಿದ ಆ ಕಾಲುಡುಪೇ ಆಕೆಗಿದ್ದ ರಕ್ಷಣೆ.

1431ರ ಮೇ 24ರಂದು ಬೆಂಕಿಗೆ ಹೆದರಿ ತಪ್ಪೊಪ್ಪಿಗೆಗೆ ಗುರುತು ಹಾಕಿ, ಹೆಣ್ಣುಡುಪು ತೊಟ್ಟಳು. ಆದರೂ ಆಕೆಯನ್ನು ಮತ್ತೆ ಅದೇ ಕಾವಲುಗಾರರ ನಡುವೆಯೇ ಬಿಟ್ಟರು. ನಾಲ್ಕು ದಿನಗಳ ಬಳಿಕ ನ್ಯಾಯಾಧೀಶರು ಬಂದಾಗ ಪುನಃ ಗಂಡುಡುಪಿನಲ್ಲಿದ್ದಳು. ಸೆರೆಯಲ್ಲಿ ಆಕೆಯ ಮಾನಕ್ಕೆ ಕೈಹಾಕಲು ನೋಡಿದ್ದರೆಂದು ಸಾಕ್ಷಿಗಳು ಮುಂದೆ ತಿಳಿಸಿದರು. ಜೋನ್ ತಪ್ಪೊಪ್ಪಿಗೆಯನ್ನೂ ಹಿಂತೆಗೆದುಕೊಂಡಳು; ಸಂತರ ವಾಣಿ ದೇವರಿಂದಲೇ ಬಂದದ್ದೆಂದು ಪಟ್ಟುಹಿಡಿದಳು. ಮೇ 30ರಂದು ಪರಮಪ್ರಸಾದ ಸ್ವೀಕರಿಸಿ ಬೆಂಕಿಗೆ ನಡೆದಳು. ವಯಸ್ಸು ಸುಮಾರು 19.

ತಾಯಿ ಇಸಬೆಲ್ ಸುಮ್ಮನಿರಲಿಲ್ಲ. 1455ರಲ್ಲಿ ಪ್ಯಾರಿಸಿನ ನೋತ್ರದಾಮ್ ದೇವಾಲಯಕ್ಕೆ ಬಂದು, ಪೋಪರ ಪ್ರತಿನಿಧಿಗಳೆದುರು ಮಗಳಿಗಾಗಿ ನ್ಯಾಯ ಬೇಡಿದಳು. ಮರುವರ್ಷ ಜುಲೈ 7ರಂದು ಹಳೆಯ ತೀರ್ಪು ರದ್ದಾಯಿತು. ಅದನ್ನು ಕೇಳಲು ಆ ಮುದಿತಾಯಿ ಇನ್ನೂ ಬದುಕಿದ್ದಳು. 1920ರಲ್ಲಿ 15ನೇ ಬೆನೆಡಿಕ್ಟ್ ಪೋಪರು ಜೋನಳನ್ನು ಸಂತಳೆಂದು ಘೋಷಿಸಿದರು. ಆಕೆಯ ಹಬ್ಬ ಮೇ 30, ಸುಟ್ಟ ದಿನವೇ.