ಸಂಗೀತಸೂರ್ಯ ಕೇಶವರಾವ ಭೋಸಲೆ

ಮುಂಬಯಿ, ಪುಣೆಗಳಿಂದ ಊರಿಗೆ ಹೊರಟ ಕನ್ನಡಿಗರಲ್ಲಿ ಅನೇಕರು ಕೊಲ್ಹಾಪುರದಲ್ಲಿ ಇಳಿದು ಅಂಬಾಬಾಯಿಯ ದರ್ಶನ ಪಡೆದು ಮುಂದೆ ಸಾಗುವುದುಂಟು. ಆ ನಗರದ ಖಾಸಬಾಗ ಕುಸ್ತಿ ಮೈದಾನಕ್ಕೆ ಹೊಂದಿಕೊಂಡು ಒಂದು ಹಳೆಯ ನಾಟ್ಯಗೃಹವಿದೆ. ಅದು ಸಂಗೀತಸೂರ್ಯ ಕೇಶವರಾವ ಭೋಸಲೆಯವರ ಹೆಸರನ್ನು ಹೊತ್ತಿದೆ. ಆ ನಟನಿಗೂ ನಮ್ಮ ಹುಬ್ಬಳ್ಳಿಗೂ ಇರುವ ನಂಟು ಬಹು ಮಂದಿಗೆ ತಿಳಿಯದು.

ಕೇಶವರಾಯರು 1890ರ ಆಗಸ್ಟ್ 9ರಂದು ಕೊಲ್ಹಾಪುರದ ಒಂದು ಬಡ ಕುಟುಂಬದಲ್ಲಿ ಜನಿಸಿದರು. ಶಾಲೆಯ ಮೆಟ್ಟಿಲೇರಬೇಕಾದ ವಯಸ್ಸಿನಲ್ಲಿ ಸ್ವದೇಶಹಿತಚಿಂತಕ ನಾಟಕ ಮಂಡಳಿಯನ್ನು ಸೇರಿದರು. ದೇವಲರ 'ಶಾರದಾ' ನಾಟಕದಲ್ಲಿ ಮುದುಕನಿಗೆ ಮದುವೆಯಾಗಬೇಕಾಗಿ ಬಂದ ಬಾಲೆಯ ಪಾತ್ರ ಈ ಬಾಲನಟನಿಗೆ ಅಪಾರ ಕೀರ್ತಿ ತಂದಿತು. ಧ್ವನಿವರ್ಧಕವಿಲ್ಲದ ಆ ಕಾಲದಲ್ಲಿ, ತಾರಸ್ಥಾಯಿಯಲ್ಲಿ ಸಂಚರಿಸುವ ಅವರ ಕಂಠ ಕಡೆಯ ಸಾಲಿನ ಪ್ರೇಕ್ಷಕನನ್ನೂ ಮುಟ್ಟುತ್ತಿತ್ತು.

ಆದರೆ ಕೀರ್ತಿ ಬಂದರೂ ಮಂಡಳಿ ಇನ್ನೊಬ್ಬರದು. ಆದುದರಿಂದ 1908ರ ಜನವರಿ 1ರಂದು, ಇನ್ನೂ ಹದಿನೇಳರ ಹರೆಯದಲ್ಲಿಯೇ, ಅವರು ತಮ್ಮದೇ ಆದ 'ಲಲಿತಕಲಾದರ್ಶ' ನಾಟಕ ಮಂಡಳಿಯನ್ನು ಸ್ಥಾಪಿಸಿದರು. ಸ್ಥಾಪಿಸಿದ ಊರು ಹುಬ್ಬಳ್ಳಿ! ಮರಾಠಿ ಸಂಗೀತ ನಾಟಕಗಳನ್ನು ಕನ್ನಡಿಗರು ಆದರದಿಂದ ನೋಡುತ್ತಿದ್ದ ಕಾಲವದು. ಮುಂದೆ ಮರಾಠಿ ರಂಗಭೂಮಿಯ ಹೆಮ್ಮೆಯಾದ ಆ ಮಂಡಳಿ ಮೊದಲ ಹೆಜ್ಜೆಯನ್ನಿಟ್ಟುದು ಕನ್ನಡ ನೆಲದಲ್ಲಿ.

ಕೇಶವರಾಯರು ಹಳೆಯ ಪೌರಾಣಿಕ ನಾಟಕಗಳಿಗಷ್ಟೇ ಅಂಟಿಕೊಳ್ಳಲಿಲ್ಲ. ಹೀರಾಬಾಯಿ ಪೆಡ್ಣೇಕರ ಎಂಬ ಮಹಿಳೆ ಬರೆದ 'ದಾಮಿನಿ'ಯನ್ನು ರಂಗಕ್ಕೆ ತಂದರು. ವರದಕ್ಷಿಣೆಯ ಪಿಡುಗನ್ನು ಕುರಿತ, ಮಾಮಾ ವರೇರಕರರ 'ಹಾಚ್ ಮುಲಾಚಾ ಬಾಪ್' ನಾಟಕವನ್ನೂ ಆಡಿದರು. ಹಣ ತರುವ ನಾಟಕ ಬೇರೆ, ಸಮಾಜಕ್ಕೆ ಬೇಕಾದ ನಾಟಕ ಬೇರೆ ಎಂದು ಅವರು ಭಾವಿಸಲಿಲ್ಲ.

1921ರ ಜುಲೈ 8ರಂದು ಮುಂಬಯಿಯಲ್ಲಿ ಒಂದು ಅಪೂರ್ವ ಪ್ರಯೋಗ ನಡೆಯಿತು. ಎರಡು ಪ್ರತಿಸ್ಪರ್ಧಿ ಮಂಡಳಿಗಳ ಒಡೆಯರಾದ ಬಾಲಗಂಧರ್ವ ಮತ್ತು ಕೇಶವರಾಯರು ತಿಲಕ ಸ್ವರಾಜ್ಯ ನಿಧಿಯ ಸಹಾಯಾರ್ಥವಾಗಿ 'ಮಾನಾಪಮಾನ'ದಲ್ಲಿ ಒಟ್ಟಿಗೆ ನಟಿಸಿದರು. ಬಾಲಗಂಧರ್ವರು ಭಾಮಿನಿ, ಕೇಶವರಾಯರು ಧೈರ್ಯಧರ. ಆ ಸಂತೋಷ ಇನ್ನೂ ಜನರ ಬಾಯಲ್ಲಿರುವಾಗಲೇ, ಮೂರು ತಿಂಗಳೂ ತುಂಬುವ ಮೊದಲು, ಅಕ್ಟೋಬರ್ 4ರಂದು ಅವರು ವಿಷಮಜ್ವರದಿಂದ ತೀರಿಕೊಂಡರು. ಆಗ ವಯಸ್ಸು ಮೂವತ್ತೊಂದು ಮಾತ್ರ. ಮಂಡಳಿಯ ಭಾರವನ್ನು ಬಾಪೂರಾವ ಪೆಂಢಾರಕರರು ಹೊತ್ತರು.

ಶಾಹೂ ಮಹಾರಾಜರು 1913ರಿಂದ 1915ರವರೆಗೆ ಕಟ್ಟಿಸಿದ ಪ್ಯಾಲೇಸ್ ಥಿಯೇಟರಿಗೆ 1957ರಲ್ಲಿ ಕೇಶವರಾಯರ ಹೆಸರನ್ನಿಡಲಾಯಿತು. 2024ರ ಆಗಸ್ಟ್ 8ರ ರಾತ್ರಿ, ಅವರ ಜನ್ಮದಿನದ ಮುನ್ನಾದಿನ, ಆ ನಾಟ್ಯಗೃಹಕ್ಕೆ ಬೆಂಕಿ ಬಿದ್ದು ರಂಗಮಂಚವೂ ಛಾವಣಿಯೂ ಸುಟ್ಟುಹೋದವು. ಮೊದಲಿನ ರೂಪದಲ್ಲಿಯೇ ಅದನ್ನು ಕಟ್ಟಬೇಕೆಂದು ಕೊಲ್ಹಾಪುರದ ಕಲಾವಿದರು ಪಟ್ಟುಹಿಡಿದರು. ಸರಕಾರ ಹಣ ಮಂಜೂರು ಮಾಡಿತು. ಪುನರ್ನಿರ್ಮಾಣದ ಕೆಲಸ ಆರಂಭವಾಯಿತು.

ಪರ ಊರಿನ ಹುಡುಗನೊಬ್ಬನ ಸಾಹಸಕ್ಕೆ ಅಂದು ಹುಬ್ಬಳ್ಳಿ ನೆಲೆ ಕೊಟ್ಟಿತು. ಇಂದು ಪರ ಊರಿನಲ್ಲಿ ಬಾಳುತ್ತಿರುವ ನಾವು ಅದೇ ಬಗೆಯ ಔದಾರ್ಯದ ಫಲವನ್ನು ಉಣ್ಣುತ್ತಿದ್ದೇವೆ. ನಾಡಹಬ್ಬದ ಈ ದಿನ ನಮ್ಮ ನಾಡನ್ನು ನೆನೆಯುವಾಗ, ನಮಗೆ ನೆರಳಿತ್ತ ನಾಡಿನ ಕಲಾವಿದರನ್ನೂ ನೆನೆಯುವುದು ಧರ್ಮ. ಮುಂದಿನ ಸಲ ಕೊಲ್ಹಾಪುರದಲ್ಲಿ ಇಳಿದಾಗ, ದೇವಿಯ ದರ್ಶನ ಮುಗಿಸಿ, ಮಕ್ಕಳ ಕೈಹಿಡಿದು ಖಾಸಬಾಗದವರೆಗೆ ಹೋಗಿಬನ್ನಿ.